ಬೀಟಲ್ ಸೋರುತ್ತಿದೆಯೇ? ಸ್ಪ್ಯಾನರ್‌ಗಿಂತ ಮೊದಲು ಬಟ್ಟೆ ಎತ್ತಿಕೊಳ್ಳಿ

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಟುಕೊಂಡವರ ನಡುವೆ ಒಂದು ಸವಕಲು ಜೋಕಿದೆ: ಕಾರಿನ ಕೆಳಗೆ ಆಯಿಲ್ ಬಿದ್ದಿಲ್ಲವೆಂದರೆ ಇಂಜಿನ್‌ನೊಳಗೆ ಆಯಿಲೇ ಇಲ್ಲ ಎಂದರ್ಥ. ನಗುವುದಕ್ಕೆ ಚೆನ್ನಾಗಿದೆ, ನಂಬುವುದಕ್ಕಲ್ಲ. ಸರಿಯಾಗಿ ಜೋಡಿಸಿದ ಬೀಟಲ್ ಇಂಜಿನ್ ತೊಟ್ಟಿಕ್ಕುವುದಿಲ್ಲ; ಹೆಚ್ಚೆಂದರೆ ಅಲ್ಲಲ್ಲಿ ಕೊಂಚ ಬೆವರುತ್ತದೆ. ನೆಲದ ಮೇಲೆ ಕಲೆ ಬೀಳುತ್ತಿದೆ ಎಂದರೆ ಅದಕ್ಕೊಂದು ಕಾರಣವಿದೆ, ಆ ಕಾರಣ ಬಹುತೇಕ ಸಲ ಕಲೆ ಬಿದ್ದ ಜಾಗದ ಮೇಲೆಯೇ ಇರುವುದಿಲ್ಲ.

ಈ ಇಂಜಿನ್‌ಗೆ ಹಿಡಿಯುವುದೇ ಎರಡೂವರೆ ಲೀಟರ್ ಆಯಿಲ್. ನೀರಿಲ್ಲ, ರೇಡಿಯೇಟರ್ ಇಲ್ಲ. ಫ್ಯಾನ್ ಬೀಸುವ ಗಾಳಿ ಮತ್ತು ಒಳಗೆ ಸುತ್ತುವ ಆಯಿಲ್, ಬಿಸಿ ಹೊರಹೋಗಲು ಇರುವ ದಾರಿ ಇವೆರಡೇ. ಅರ್ಧ ಲೀಟರ್ ಸೋರಿತೆಂದರೆ ಐದರಲ್ಲೊಂದು ಪಾಲು ಹೋದಂತೆ. ಸೋರಿದ್ದು ಸುಮ್ಮನೆ ನೆಲಕ್ಕೂ ಬೀಳುವುದಿಲ್ಲ. ಸಿಲಿಂಡರಿನ ಫಿನ್‌ಗಳ ಮೇಲೆ ಹರಡಿ, ಅದಕ್ಕೆ ರಸ್ತೆಯ ಧೂಳು ಮೆತ್ತಿ, ಗಾಳಿ ತಾಗಬೇಕಾದ ಲೋಹಕ್ಕೆ ಕಂಬಳಿ ಹೊದಿಸಿಬಿಡುತ್ತದೆ. ಸೈಲೆನ್ಸರ್ ಕೊಳವೆಗಳ ಮೇಲೆ ಬಿದ್ದದ್ದು ಸುಟ್ಟು ಹೊಗೆಯಾಗುತ್ತದೆ. ಬೀಟಲ್‌ನ ಹೀಟರ್ ಕೆಲಸ ಮಾಡುವುದು ಎಕ್ಸಾಸ್ಟ್ ಕೊಳವೆಯ ಸುತ್ತ ಹಾಯಿಸಿದ ಗಾಳಿಯಿಂದ. ಹೀಟರ್ ತೆರೆದರೆ ಆ ವಾಸನೆ ನೇರ ಒಳಗೆ ಕೂತವರ ಮೂಗಿಗೆ.

ಯಾಕೆ ಸೋರುತ್ತದೆ ಎಂಬುದಕ್ಕೆ ಇಂಜಿನ್ ಕಟ್ಟಿದ ರೀತಿಯಲ್ಲೇ ಉತ್ತರವಿದೆ. 1930ರ ದಶಕದಲ್ಲಿ ಫರ್ಡಿನಂಡ್ ಪೋರ್ಷೆ ಅವರ ವಿನ್ಯಾಸ ಕಚೇರಿಯಲ್ಲಿ ಫ್ರಾನ್ಸ್ ರೈಮ್‌ಸ್ಪೀಸ್ ರೂಪಿಸಿದ ಇಂಜಿನ್ ಇದು. 2003ರ ಜುಲೈ 30ರಂದು ಮೆಕ್ಸಿಕೊದ ಪ್ಯೂಬ್ಲಾದಲ್ಲಿ ಕೊನೆಯ ಬೀಟಲ್ ಹೊರಬರುವವರೆಗೂ ಇದರ ಮೂಲ ಲೆಕ್ಕಾಚಾರ ಬದಲಾಗಲಿಲ್ಲ. ನಾಲ್ಕು ಸಿಲಿಂಡರ್‌ಗಳು ಬದಿಗೆ ಎರಡರಂತೆ ಅಡ್ಡ ಮಲಗಿವೆ. ನಡುವಿನ ಕ್ರ್ಯಾಂಕ್‌ಕೇಸ್ ಬಹುಪಾಲು ಇಂಜಿನ್‌ಗಳಲ್ಲಿ ಮೆಗ್ನೀಸಿಯಂ ಮಿಶ್ರಲೋಹದ್ದು. ಅದನ್ನು ಎರಡು ಹೋಳಾಗಿ ಎರಕ ಹೊಯ್ದು ಸೇರಿಸಿ ಬಿಗಿದಿರುತ್ತಾರೆ. ಆ ಸಂದಿಗೆ ಪ್ಯಾಕಿಂಗ್ ಇಲ್ಲ, ತೆಳುವಾದ ಸೀಲಂಟ್ ಮಾತ್ರ. ಸಿಲಿಂಡರ್ ಎರಕದ ಕಬ್ಬಿಣ, ಹೆಡ್ ಅಲ್ಯುಮಿನಿಯಂ, ಪುಶ್‌ರಾಡ್ ಟ್ಯೂಬು ತೆಳು ಉಕ್ಕು. ಬಿಸಿ ಏರಿದಾಗ ಒಂದೊಂದು ಲೋಹ ಒಂದೊಂದು ಪ್ರಮಾಣದಲ್ಲಿ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಪ್ರತಿ ಓಡಾಟದಲ್ಲೂ ಪ್ರತಿ ಸಂದಿ ಕೂದಲೆಳೆಯಷ್ಟು ಅಲುಗಾಡುತ್ತದೆ ಎಂದುಕೊಳ್ಳಿ. ಹಳೆಯ ಬುಲೆಟ್ ಓಡಿಸಿದವರಿಗೆ ಈ ಸ್ವಭಾವ ಹೊಸದೇನಲ್ಲ.

ನಮ್ಮ ದೇಶದಲ್ಲಿ ಬೀಟಲ್ ತಯಾರಾಗಲಿಲ್ಲ. ಇಲ್ಲಿರುವವೆಲ್ಲ ಹೊರಗಿನಿಂದ ಬಂದು ಹಲವು ಕೈ ದಾಟಿದ ಕಾರುಗಳು. 1965ರ ಬಾಡಿಯೊಳಗೆ 1972ರ ಇಂಜಿನ್ ಕೂತಿರುವುದೂ ಉಂಟು. ಬಿಡಿಭಾಗ ಕೇಳುವಾಗ ಆರ್‌ಸಿ ಪುಸ್ತಕದ ಇಸವಿ ಹೇಳಬೇಡಿ. ಡೈನಮೊ ನಿಂತಿರುವ ಪೀಠದ ಬುಡದಲ್ಲಿ ಕ್ರ್ಯಾಂಕ್‌ಕೇಸ್ ಮೇಲೆ ಕೆತ್ತಿರುವ ಇಂಜಿನ್ ನಂಬರ್ ಬರೆದುಕೊಂಡು ಹೋಗಿ.

ಮೊದಲು ತೊಳೆಯಿರಿ

ಮಾಲೀಕರು ಸಾಮಾನ್ಯವಾಗಿ ಮಾಡುವುದೇನೆಂದರೆ, ಕಾರಿನ ಕೆಳಗೆ ತೂರಿ, ಒದ್ದೆಯಾಗಿ ಕಂಡ ನಟ್ಟನ್ನೆಲ್ಲ ಇನ್ನೊಂದು ಸುತ್ತು ಬಿಗಿಮಾಡುವುದು. ಈ ‘ಇನ್ನೊಂದು ಸುತ್ತು’ ಬೀಟಲ್‌ಗೆ ಮಾಡಿದಷ್ಟು ಹಾನಿಯನ್ನು ತುಕ್ಕೂ ಮಾಡಿಲ್ಲ ಎಂದೇ ನನ್ನ ಅಭಿಪ್ರಾಯ. ಮೆಗ್ನೀಸಿಯಂ ಮೆದು ಲೋಹ. ಸ್ಟಡ್ ತನ್ನ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ. ಆಮೇಲೆ ನೂರು ರೂಪಾಯಿಯ ಪ್ಯಾಕಿಂಗ್ ಕೆಲಸ ಲೇತ್ ಅಂಗಡಿಯ ಕೆಲಸವಾಗುತ್ತದೆ.

ಇಂಜಿನ್ ಪೂರ್ತಿ ಆರಿದ ಮೇಲೆ ಸೀಮೆಎಣ್ಣೆಯನ್ನೋ ಅಂಗಡಿಯಲ್ಲಿ ಸಿಗುವ ಡಿಗ್ರೀಸರನ್ನೋ ಬ್ರಶ್ಶಿನಲ್ಲಿ ಹಚ್ಚಿ, ಉಜ್ಜಿ, ಬನಿಯನ್ ವೇಸ್ಟಿನಿಂದ ಒರೆಸಿ. ಡಿಸ್ಟ್ರಿಬ್ಯೂಟರ್ ಮತ್ತು ಕಾರ್ಬ್ಯುರೇಟರ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿರಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಬೇಡ, ಅದು ಕೊಳೆಯನ್ನು ಫಿನ್‌ಗಳ ನಡುವೆ ಇನ್ನಷ್ಟು ಒಳಕ್ಕೆ ದೂಡುತ್ತದೆ. ಹಚ್ಚಿದ್ದು ಪೂರಾ ಒಣಗಿ ವಾಸನೆ ಹೋಗುವವರೆಗೆ ಇಂಜಿನ್ ಚಾಲು ಮಾಡಬೇಡಿ. ಆಮೇಲೆ ಅನುಮಾನವಿದ್ದ ಕಡೆಯೆಲ್ಲ ಟಾಲ್ಕಂ ಪೌಡರ್ ಉದುರಿಸಿ, ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ ಬಂದು ಟಾರ್ಚ್ ಹಿಡಿಯಿರಿ. ಬಿಳಿಯ ಮೇಲೆ ಕಪ್ಪು ಗೆರೆ ತಾನೇ ದಾರಿ ತೋರಿಸುತ್ತದೆ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ.

ಗೆರೆಯನ್ನು ಓದುವುದಕ್ಕೆ ಒಂದು ಸೂತ್ರವಿದೆ. ಫ್ಯಾನಿನ ಗಾಳಿ ಮೇಲಿನಿಂದ ಕೆಳಕ್ಕೆ ಬೀಸುತ್ತದೆ, ಓಡುವ ಕಾರಿನ ಗಾಳಿ ಮುಂದಿನಿಂದ ಹಿಂದಕ್ಕೆ. ಹಾಗಾಗಿ ಆಯಿಲ್ ಯಾವಾಗಲೂ ಕೆಳಕ್ಕೆ, ಹಿಂದಕ್ಕೆ ಹೋಗುತ್ತದೆ. ಒದ್ದೆ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದು, ಎಲ್ಲಕ್ಕಿಂತ ಮುಂದಿರುವುದು ಯಾವುದೋ ಅದೇ ಮೂಲ. ಬೀಟಲ್‌ನ ಮಟ್ಟಿಗೆ ‘ಮುಂದೆ’ ಎಂದರೆ ಕಾರಿನ ಮುಂಭಾಗದ ದಿಕ್ಕು, ಫ್ಲೈವೀಲ್ ಇರುವ ಕಡೆ. ಪುಲ್ಲಿ ಇರುವುದು ಹಿಂದೆ. ಬಲಕ್ಕೆ 1 ಮತ್ತು 2ನೇ ಸಿಲಿಂಡರ್, ಎಡಕ್ಕೆ 3 ಮತ್ತು 4.

ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿ, ಚಕ್ರಗಳ ಜಾಗ ಗುರುತುಮಾಡಿಡುವುದೂ ಒಳ್ಳೆಯದೇ. ಹನಿ ಇಂಜಿನ್ನಿನ ಎರಡು ಪಕ್ಕಕ್ಕೆ ಬಿದ್ದಿದ್ದರೆ ರಾಕರ್ ಕವರ್ ಅಥವಾ ಪುಶ್‌ರಾಡ್ ಟ್ಯೂಬು. ನಟ್ಟನಡುವೆ ಬಿದ್ದಿದ್ದರೆ ಸ್ಟ್ರೈನರ್ ತಟ್ಟೆ. ಇಂಜಿನ್-ಗೇರ್‌ಬಾಕ್ಸ್ ಸೇರುವಲ್ಲಿ ಬಿದ್ದಿದ್ದರೆ ಫ್ಲೈವೀಲ್ ಹಿಂದಿನ ಆಯಿಲ್ ಸೀಲ್ ಇರಬಹುದು. ಆದರೆ ಆ ಹನಿಯನ್ನು ಬೆರಳಿಗೆ ತಾಗಿಸಿ ಮೂಸಿ ನೋಡಿ. ಗಂಧಕದ ಘಾಟು ಹೊಡೆದರೆ ಅದು ಗೇರ್ ಆಯಿಲ್, ಗೇರ್‌ಬಾಕ್ಸ್ ಶಾಫ್ಟಿನ ಸೀಲ್ ಹೋಗಿದೆ. ಇಂಜಿನ್ ಪಾಪ, ಅದರ ತಪ್ಪಿಲ್ಲ.

ಇಂಜಿನ್ ಉಸಿರಾಡುತ್ತಿದೆಯೇ?

ಸೀಲ್ ಕೊಳ್ಳಲು ಓಡುವ ಮುನ್ನ ನೋಡಬೇಕಾದ್ದು ಇನ್ನೊಂದಿದೆ, ಇದನ್ನೇ ಎಲ್ಲರೂ ಮರೆಯುವುದು. ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಅನಿಲ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತಲೇ ಇರುತ್ತದೆ. ಅದು ಹೊರಹೋಗಲು ಆಯಿಲ್ ತುಂಬುವ ಬಾಯಿಯ ಪಕ್ಕದಿಂದ ಏರ್ ಕ್ಲೀನರಿಗೆ ಒಂದು ಬ್ರೀದರ್ ಪೈಪ್ ಇದೆ. ಅದು ಜಿಡ್ಡು ಕಟ್ಟಿ ಮುಚ್ಚಿದರೆ ಒಳಗೆ ಒತ್ತಡ ಏರಿ, ಸಿಕ್ಕ ಸಂದಿಯಲ್ಲೆಲ್ಲ ಆಯಿಲ್ ಹೊರಗೆ ನುಗ್ಗುತ್ತದೆ. ಫ್ಯಾಶನ್ನಿಗೆಂದು ಬೇರೆ ಕಾರ್ಬ್ಯುರೇಟರ್, ಬೇರೆ ಏರ್ ಫಿಲ್ಟರ್ ಹಾಕಿಸಿದವರು ಈ ಪೈಪನ್ನು ಬೋಲ್ಟ್ ತುರುಕಿ ಮುಚ್ಚಿಬಿಡುವುದೂ ಇದೆ.

ಒತ್ತಡದ ಮೊದಲ ಕುರುಹು ಕಾಣುವುದು ಪುಲ್ಲಿಯ ಬಳಿ. ಅಲ್ಲಿ ಕಂಪನಿ ರಬ್ಬರ್ ಸೀಲನ್ನೇ ಇಟ್ಟಿಲ್ಲ! ಒಳಗೆ ಆಯಿಲನ್ನು ಆಚೆ ಚಿಮ್ಮಿಸುವ ತಟ್ಟೆ, ಪುಲ್ಲಿಯ ಕತ್ತಿನ ಮೇಲೆ ಸುರುಳಿಯಾಕಾರದ ತೋಡು, ಇಷ್ಟೇ. ಪುಲ್ಲಿ ತಿರುಗುವಾಗ ಆ ಸುರುಳಿ ಆಯಿಲನ್ನು ಒಳಕ್ಕೆ ತಿರುಗಿಸಿ ಕಳಿಸುತ್ತದೆ. ಒಳಗಿನ ಒತ್ತಡ ಹದದಲ್ಲಿದ್ದರೆ ಇದು ಸಾಕು, ಮೀರಿದರೆ ಸೋಲುತ್ತದೆ. ಪುಲ್ಲಿಯ ಹಿಂದೆ ಆಯಿಲ್ ಕಂಡರೆ ಮೊದಲು ಡಿಪ್‌ಸ್ಟಿಕ್ ನೋಡಿ. ಮೇಲಿನ ಗೆರೆ ದಾಟಿ ತುಂಬಿದ್ದರೂ ಹೀಗಾಗುತ್ತದೆ. ಆಮೇಲೆ ಬ್ರೀದರ್ ಪೈಪ್ ಬಿಚ್ಚಿ ತೊಳೆಯಿರಿ. ನಂತರ ಇಂಜಿನ್ ಸಣ್ಣಗೆ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ನೋಡಿ. ದಟ್ಟ ಹೊಗೆ ಬುಸುಬುಸು ಹೊರಬಂದರೆ ರಿಂಗ್ ಸವೆದಿವೆ, ಕಂಪ್ರೆಶನ್ ಪರೀಕ್ಷೆ ಮಾಡಿಸಬೇಕು. ರಿಂಗ್ ಹೋದ ಇಂಜಿನ್‌ಗೆ ಎಷ್ಟು ಸೀಲ್ ಬದಲಿಸಿದರೂ ಸೋರಿಕೆ ಜಾಗ ಬದಲಿಸುತ್ತದೆ, ನಿಲ್ಲುವುದಿಲ್ಲ.

ಅಂಗಳದಲ್ಲೇ ಮುಗಿಯುವ ಕೆಲಸ

ಅತಿ ಸಾಮಾನ್ಯವಾದದ್ದು ರಾಕರ್ ಕವರಿನದು. ಸಿಲಿಂಡರ್ ಮಲಗಿರುವುದರಿಂದ ರಾಕರ್ ಬಾಕ್ಸ್ ಕೆಳಮಟ್ಟದಲ್ಲಿದೆ, ಅದರ ಕಾರ್ಕ್ ಪ್ಯಾಕಿಂಗ್ ಸದಾ ಆಯಿಲಿನಲ್ಲಿ ನೆನೆಯುತ್ತದೆ. ಹಿಡಿದಿರುವ ಕಂಬಿ ಕ್ಲಿಪ್ಪನ್ನು ದೊಡ್ಡ ಸ್ಕ್ರೂಡ್ರೈವರಿನಿಂದ ಕೆಳಕ್ಕೆ ಮೀಟಿದರೆ ಕವರ್ ಕೈಗೆ ಬರುತ್ತದೆ. ಹಳೆಯ ಕಾರ್ಕನ್ನು ಚೂರೂ ಉಳಿಯದಂತೆ ಕೆರೆಯಿರಿ. ಹೊಸದನ್ನು ಕವರಿಗೆ ಅಂಟಿಸಿ, ಹೆಡ್ಡಿಗೆ ತಾಗುವ ಮುಖಕ್ಕೆ ತೆಳುವಾಗಿ ಗ್ರೀಸ್ ಸವರಿ; ಎರಡೂ ಕಡೆ ಅಂಟು ಬೇಡ. ಕವರಿನ ಅಂಚು ಸೊಟ್ಟಗಿದ್ದರೆ ಸಮಮಾಡಿ. ಬೋಲ್ಟ್ ಹಾಕಿ ಕೂರಿಸುವ ಹೊಳೆಯುವ ಅಲ್ಯುಮಿನಿಯಂ ಕವರ್‌ಗಳು ನೋಡಲು ಚೆಂದ. ನನ್ನ ಮತ ಹಳೆಯ ತಗಡಿಗೇ. ಹೇಗೂ ಕವರ್ ತೆಗೆದಿದ್ದೀರಲ್ಲ, ತಣ್ಣಗಿರುವ ಇಂಜಿನ್‌ನಲ್ಲಿ ಟ್ಯಾಪೆಟ್ ಸಂದು 0.15 ಮಿ.ಮೀ. ಇದೆಯೇ ಎಂದು ಫೀಲರ್ ಗೇಜ್ ಹಾಕಿ ನೋಡಿಬಿಡಿ.

ಸ್ಟ್ರೈನರ್ ತಟ್ಟೆಯದು ಇನ್ನೊಂದು. ಬೀಟಲ್‌ಗೆ ಕಂಪನಿಯ ಪೇಪರ್ ಫಿಲ್ಟರ್ ಇಲ್ಲ, ಇಂಜಿನ್ ತಳದಲ್ಲಿ ಒಂದು ಜಾಲರಿ ಮಾತ್ರ. ಜಾಲರಿಯ ಮೇಲೊಂದು ಕೆಳಗೊಂದು ಪ್ಯಾಕಿಂಗ್, ತಟ್ಟೆ ಹಿಡಿಯಲು 6 ಮಿ.ಮೀ.ನ ಆರು ಸ್ಟಡ್, ಪ್ರತಿ ನಟ್ಟಿನಡಿ ತಾಮ್ರದ ವಾಶರ್. ಬಿಗಿತ 7 ನ್ಯೂಟನ್ ಮೀಟರ್ ಮಾತ್ರ, ಅಂದರೆ ಸಣ್ಣ ಸ್ಪ್ಯಾನರನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುವಷ್ಟು. ಹಿಂದಿನವರು ಬಲಹಾಕಿ ಬಿಗಿದಿದ್ದರೆ ತಟ್ಟೆ ಸ್ಟಡ್‌ಗಳ ಸುತ್ತ ಬಾಗಿ ನಡುವೆ ಸಂದಿ ಬಿಟ್ಟಿರುತ್ತದೆ. ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ತಟ್ಟಿ ಸಮಮಾಡಿ. ತಾಮ್ರದ ವಾಶರ್ ಪ್ರತಿ ಸಲ ಹೊಸದಿರಲಿ.

ಡಿಸ್ಟ್ರಿಬ್ಯೂಟರ್ ಹತ್ತಿರದ ಆಯಿಲ್ ಪ್ರೆಶರ್ ಸ್ವಿಚ್ ವಯಸ್ಸಾದಾಗ ವೈರ್ ಸಿಕ್ಕಿಸುವ ಜಾಗದಿಂದಲೇ ಆಯಿಲ್ ಉಗುಳುತ್ತದೆ. ಬದಲಿಸುವುದು ಸುಲಭ. ಆದರೆ ಅದರ ಥ್ರೆಡ್ ತುದಿಯತ್ತ ಕಿರಿದಾಗುತ್ತ ಹೋಗುವಂಥದ್ದು, ಬಿಗಿದಷ್ಟೂ ಬೆಣೆಯಾಗಿ ಕೇಸನ್ನೇ ಸೀಳಬಲ್ಲದು. ಪೆಟ್ರೋಲ್ ಪಂಪಿನ ಬುಡದ ಪ್ಯಾಕಿಂಗ್, ಡಿಸ್ಟ್ರಿಬ್ಯೂಟರಿನ ಓ-ರಿಂಗ್, ಡೈನಮೊ ಪೀಠದ ಪ್ಯಾಕಿಂಗ್ ಇವೆಲ್ಲ ಅಗ್ಗದವು. ಮೇಲಿರುವುದರಿಂದ ಇವುಗಳ ಸೋರಿಕೆ ಕೆಳಗಿನ ಎಲ್ಲವನ್ನೂ ಒದ್ದೆಮಾಡಿ ದಾರಿ ತಪ್ಪಿಸುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಳೆಯ ಓ-ರಿಂಗನ್ನು ಮಾದರಿಗೆ ಕೊಟ್ಟು ಅದೇ ಅಳತೆಯ ವೈಟಾನ್ ರಿಂಗ್ ಕೇಳಿ. ಮಾಮೂಲಿ ಕಪ್ಪು ರಬ್ಬರ್ ಈ ಬಿಸಿಗೆ ಕೆಲವೇ ವರ್ಷದಲ್ಲಿ ಕಲ್ಲಾಗುತ್ತದೆ. ಅಮೆರಿಕದ ಷೆವ್ರೊಲೆ ಕಾರ್ವೇರ್ ಎಂಬ ಏರ್‌ಕೂಲ್ಡ್ ಕಾರು ಪುಶ್‌ರಾಡ್ ಟ್ಯೂಬಿನ ಸೋರಿಕೆಗೇ ಹೆಸರುವಾಸಿಯಾಗಿತ್ತು. ವೈಟಾನ್ ಓ-ರಿಂಗ್ ಬಂದ ಮೇಲೆ ಆ ಕಥೆ ಮುಗಿಯಿತು.

ಪುಶ್‌ರಾಡ್ ಟ್ಯೂಬು

ಬೀಟಲ್‌ನಲ್ಲಿ ಇಂಥವು ಎಂಟಿವೆ, ಸಿಲಿಂಡರುಗಳ ಕೆಳಗೆ, ರಸ್ತೆಗೆ ಮುಖಮಾಡಿ. ಒಳಗೆ ಪುಶ್‌ರಾಡ್ ಓಡಾಡುತ್ತದೆ, ಅದೇ ಕೊಳವೆಯಲ್ಲಿ ರಾಕರ್ ಬಾಕ್ಸಿನ ಆಯಿಲ್ ಹಿಂದಿರುಗಿ ಕೇಸಿಗೆ ಹರಿಯುತ್ತದೆ. ಹೊರಗಿನಿಂದ ಕಲ್ಲೇಟು, ಕೆಸರು, ತುಕ್ಕು. ತುದಿಗಳಲ್ಲಿ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆಗಳಿರುವುದು ಸುಮ್ಮನಲ್ಲ. ಹೆಡ್ ಹಿಗ್ಗಿ ಕುಗ್ಗುವಾಗ ಟ್ಯೂಬು ಸ್ಪ್ರಿಂಗಿನಂತೆ ಎರಡೂ ಕಡೆಯ ಸೀಲನ್ನು ಒತ್ತಿ ಹಿಡಿದಿರಬೇಕು. ವರ್ಷಗಳು ಕಳೆದಂತೆ ಮಡಿಕೆ ಕುಸಿಯುತ್ತದೆ, ಒತ್ತುವ ಬಲ ಹೋಗುತ್ತದೆ, ಸೀಲ್ ಚೆನ್ನಾಗಿದ್ದರೂ ಸೋರುತ್ತದೆ.

ಇವನ್ನು ಬದಲಿಸಲು ಹೆಡ್ ಬಿಚ್ಚಲೇಬೇಕು, ಅಂದರೆ ಇಂಜಿನ್ ಇಳಿಸಬೇಕು. ಇಷ್ಟೆಲ್ಲ ಮಾಡಿ ಹಳೆಯ ಟ್ಯೂಬನ್ನೇ ಮರಳಿ ಕೂರಿಸುವುದು ನನ್ನ ದೃಷ್ಟಿಯಲ್ಲಿ ಜಿಪುಣತನ. ಹೊಸದನ್ನೂ ಡಬ್ಬದಿಂದ ತೆಗೆದು ನೇರ ಹಾಕುವಂತಿಲ್ಲ. 1300ರಿಂದ 1600 ಸಿಸಿ ಇಂಜಿನ್‌ಗಳಿಗೆ ಟ್ಯೂಬಿನ ಉದ್ದ 190ರಿಂದ 191 ಮಿ.ಮೀ. ಇರಬೇಕು. ಕಡಿಮೆಯಿದ್ದರೆ ಎರಡೂ ಕೈಯಲ್ಲಿ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಎಂಟೂ ಒಂದೇ ಅಳತೆಗೆ ಬರಬೇಕು. ಎಳೆಯುವಾಗ ಮಡಿಕೆ ಬಿರುಕುಬಿಟ್ಟರೆ ಅದನ್ನು ಎಸೆಯಿರಿ. ಒಂದು ತುದಿ ಮುಚ್ಚಿ ಸೀಮೆಎಣ್ಣೆ ತುಂಬಿ ನಿಲ್ಲಿಸಿದರೆ ಕಣ್ಣಿಗೆ ಕಾಣದ ತೂತೂ ಗೊತ್ತಾಗುತ್ತದೆ. ಸೀಲ್ ಸಿಲಿಕಾನಿನದಿರಲಿ. ಟ್ಯೂಬಿನ ಉದ್ದಕ್ಕೂ ಇರುವ ಬೆಸುಗೆಯ ಗೆರೆ ಮೇಲ್ಮುಖವಾಗಿರಬೇಕು. ಆಯಿಲ್ ತಳದಲ್ಲಿ ಹರಿಯುವುದರಿಂದ ಗೆರೆ ಕೆಳಗಿದ್ದರೆ ನಾಳೆ ಅಲ್ಲೇ ಸೋರುತ್ತದೆ.

ಹೆಡ್ ಕೂರಿಸುವಾಗ ನಾಲ್ಕು ಟ್ಯೂಬೂ ತಂತಮ್ಮ ಗುಳಿಯಲ್ಲಿ ನೇರ ಕೂತಿವೆಯೇ ಎಂದು ಒಂದೊಂದನ್ನೂ ನೋಡಿ. ಎಂಟು ನಟ್ಟುಗಳನ್ನು ಸರ್ವಿಸ್ ಪುಸ್ತಕದಲ್ಲಿರುವ ಕ್ರಮದಲ್ಲೇ, ಹಂತಹಂತವಾಗಿ ಬಿಗಿಯಿರಿ: 10 ಮಿ.ಮೀ. ಸ್ಟಡ್ ಆದರೆ 32 ನ್ಯೂಟನ್ ಮೀಟರ್, 8 ಮಿ.ಮೀ. ಆದರೆ 25. ಟಾರ್ಕ್ ರೆಂಚ್ ಇಲ್ಲದ ಮೆಕ್ಯಾನಿಕ್ಕಿಗೆ ಈ ಕೆಲಸ ಕೊಡಬೇಡಿ, ಆತ ಎಷ್ಟೇ ಅನುಭವಸ್ಥನಿರಲಿ. ಇಂಜಿನ್ ಇಳಿಸದೆ ಹಾಕಬಹುದಾದ, ಒಂದರೊಳಗೊಂದು ಜಾರುವ ಅಲ್ಯುಮಿನಿಯಂ ಟ್ಯೂಬುಗಳೂ ಸಿಗುತ್ತವೆ. ದೂರದ ಪ್ರಯಾಣಕ್ಕೆ ಒಂದೆರಡು ಜೊತೆಗಿದ್ದರೆ ಒಳ್ಳೆಯದು. ಶಾಶ್ವತಕ್ಕೆ ಮೂಲದ್ದೇ ಮೇಲು.

ಇಂಜಿನ್ ಇಳಿಸಿದ್ದೇ ಆದರೆ

ಬೀಟಲ್ ಇಂಜಿನ್ ಗೇರ್‌ಬಾಕ್ಸಿಗೆ ಅಂಟಿಕೊಂಡಿರುವುದು ನಾಲ್ಕೇ ಬೋಲ್ಟುಗಳಲ್ಲಿ. ಬ್ಯಾಟರಿ ತಂತಿ ಬಿಚ್ಚಿ, ಪೆಟ್ರೋಲ್ ಪೈಪನ್ನು ಭದ್ರವಾಗಿ ಮುಚ್ಚಿ, ಆಕ್ಸಿಲರೇಟರ್ ಮತ್ತು ಹೀಟರ್ ಕೇಬಲ್ ತೆಗೆದು, ಟ್ರಾಲಿ ಜಾಕಿನ ಮೇಲೆ ಇಬ್ಬರು ಇಳಿಸಬಹುದು. ಇಳಿಸಿದ ಮೇಲೆ ಒಂದೇ ಸೋರಿಕೆ ನೋಡಿ ಏರಿಸಬೇಡಿ.

ಎಡ ಸಿಲಿಂಡರುಗಳ ನಡುವೆ ಮೇಲಿನಿಂದ ಆಯಿಲ್ ಇಳಿದಿದ್ದರೆ ಆಯಿಲ್ ಕೂಲರ್ ನೋಡಿ. ಅದು ಫ್ಯಾನಿನ ತಗಡು ಕವಚದೊಳಗೆ ಎಡಕ್ಕೆ ನಿಂತಿದೆ. ಬುಡದ ಎರಡು ಸೀಲುಗಳ ಅಳತೆ ಹಳೆಯ, ಹೊಸ ಇಂಜಿನ್‌ಗಳಿಗೆ ಬೇರೆ ಬೇರೆ. ಇಂಜಿನ್ ನಂಬರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಸೀಲ್ ಸರಿಯಿದ್ದು ಕೂಲರೇ ಬಿರಿದಿದ್ದರೆ, ಹೊಸ ಕೂಲರ್ ಹಾಕುವ ಮುನ್ನ ಕೇಸಿನ ತಳದಲ್ಲಿರುವ ಪ್ರೆಶರ್ ರಿಲೀಫ್ ವಾಲ್ವ್ ಬಿಚ್ಚಿ. ಅದರ ಪ್ಲಂಜರ್ ಸಿಕ್ಕಿಕೊಂಡಿದ್ದರೆ, ಬೆಳಗ್ಗೆ ಚಾಲು ಮಾಡಿದಾಗ ತಣ್ಣಗಿನ ಗಟ್ಟಿ ಆಯಿಲಿನ ಒತ್ತಡವೆಲ್ಲ ಕೂಲರಿನ ಮೇಲೆ ಬೀಳುತ್ತದೆ. ಅದನ್ನು ಸರಿಪಡಿಸದಿದ್ದರೆ ಹೊಸ ಕೂಲರಿಗೂ ಅದೇ ಗತಿ.

ಫ್ಲೈವೀಲ್ ಸೀಲಿಗೆ ಕೇಸ್ ಬಿಡಿಸುವ ಅಗತ್ಯವಿಲ್ಲ. ಫ್ಲೈವೀಲ್ ಹಿಡಿದಿರುವುದು ಒಂದೇ ಒಂದು 36 ಮಿ.ಮೀ. ನಟ್, ಅದರ ಬಿಗಿತ ಸುಮಾರು 340 ನ್ಯೂಟನ್ ಮೀಟರ್, ಆಳುದ್ದದ ಕೊಳವೆ ಸೇರಿಸದೆ ಅಲುಗುವುದಿಲ್ಲ. ಆದರೆ ಬಿಚ್ಚುವ ಮುನ್ನ ಪುಲ್ಲಿ ಹಿಡಿದು ಹಿಂದೆ ಮುಂದೆ ಜಗ್ಗಿ. ‘ಟಕ್ ಟಕ್’ ಎಂದರೆ ಕ್ರ್ಯಾಂಕ್ ಶಾಫ್ಟಿನ ಆಟ ಜಾಸ್ತಿಯಾಗಿದೆ. ಇರಬೇಕಾದದ್ದು 0.07ರಿಂದ 0.13 ಮಿ.ಮೀ.; ಅದನ್ನು ಫ್ಲೈವೀಲ್ ಹಿಂದಿನ ಮೂರು ಶಿಮ್‌ಗಳಿಂದ ಹೊಂದಿಸುತ್ತಾರೆ. ಆಟ ಹೊಂದಿಸದೆ ಹಾಕಿದ ಸೀಲ್ ಬಾಳಿಕೆ ಬರುವುದಿಲ್ಲ. ಮೇನ್ ಬೇರಿಂಗೇ ಕೇಸಿನೊಳಗೆ ಸಡಿಲವಾಗಿದ್ದರೆ ಜಗತ್ತಿನ ಯಾವ ಸೀಲೂ ನಿಲ್ಲಿಸದು, ಆಗ ಇಂಜಿನ್ ಪೂರ್ತಿ ಬಿಚ್ಚುವ ಮಾತು. ಫ್ಲೈವೀಲಿನ ಕತ್ತಿನ ಮೇಲೆ ಹಳೆಯ ಸೀಲ್ ಕೊರೆದ ತೋಡು ಇದೆಯೇ ನೋಡಿ, ಅದರೊಳಗಿನ ಓ-ರಿಂಗ್ ಬದಲಿಸಿ, ಹೊಸ ಸೀಲಿನ ತುಟಿಗೆ ಆಯಿಲ್ ಸವರಿ ಓರೆಯಾಗದಂತೆ ಕೂರಿಸಿ. ಪಕ್ಕದಲ್ಲೇ ಕ್ಯಾಮ್‌ಶಾಫ್ಟಿನ ಮುಚ್ಚಳ, ಆಯಿಲ್ ಗ್ಯಾಲರಿಯ ಪ್ಲಗ್ ಇವೆ. 3ನೇ ಸಿಲಿಂಡರಿನ ಹಿಂದೆ ಕೇಸ್ ಬಿರುಕು ಬಿಡುವುದೂ ಈ ಇಂಜಿನ್ನಿನ ಹಳೆಯ ಚಾಳಿ. ಮೂರನ್ನೂ ನೋಡದೆ ತಪ್ಪನ್ನೆಲ್ಲ ಸೀಲಿನ ತಲೆಗೆ ಕಟ್ಟಬೇಡಿ.

ಇನ್ನು ಪೇಸ್ಟುಗಳ ಮಾತು. ಕೇಸಿನ ಸಂದಿಗೆ ಹೊರಗಿನಿಂದ ಎಂ-ಸೀಲನ್ನೋ ಸಿಲಿಕಾನ್ ಪೇಸ್ಟನ್ನೋ ಮೆತ್ತುವುದು ಮನೆ ತಲುಪುವವರೆಗಿನ ಉಪಾಯ. ಆಯಿಲಿನ ಜಿಡ್ಡಿನ ಮೇಲೆ ಏನೂ ಅಂಟಿ ನಿಲ್ಲದು. ಒಳಗಿನ ಜೋಡಣೆಯಲ್ಲಿ ಸಿಲಿಕಾನನ್ನು ಧಾರಾಳವಾಗಿ ಬಳಿಯುವುದಂತೂ ಅಪಾಯ. ಒತ್ತಿದಾಗ ಒಳಕ್ಕೆ ಉಬ್ಬಿದ ಎಳೆಗಳು ಕಿತ್ತುಬಂದು ಜಾಲರಿಗೆ ಸೇರಿ ಆಯಿಲ್ ದಾರಿ ಕಟ್ಟುತ್ತವೆ. ಆಯಿಲ್ ಪಂಪಿನ ಮುಚ್ಚಳಕ್ಕೆ ದಪ್ಪ ಪ್ಯಾಕಿಂಗ್ ಕತ್ತರಿಸಿ ಹಾಕುವುದೂ ಇಂಥದೇ ತಪ್ಪು. ಸೋರಿಕೆ ನಿಲ್ಲಬಹುದು, ಗೇರಿಗೂ ಮುಚ್ಚಳಕ್ಕೂ ನಡುವಿನ ಸಂದು ಹೆಚ್ಚಿ ಆಯಿಲಿನ ಒತ್ತಡ ಬೀಳುತ್ತದೆ.

ಎಲ್ಲ ಸೋರಿಕೆಗೂ ಇಂಜಿನ್ ಇಳಿಸಬೇಕೆಂದಿಲ್ಲ. ಕೇಸಿನ ಸಂದಿ ಒಂದಿಷ್ಟು ಬೆವರುತ್ತಿದೆ, ಹನಿಯಾಗಿ ಬೀಳುತ್ತಿಲ್ಲ ಎಂದರೆ ಒರೆಸಿಕೊಂಡು ಓಡಿಸಿ. ಎಕ್ಸಾಸ್ಟ್ ಮೇಲೆ ಬೀಳುತ್ತಿದ್ದರೆ, ಆಯಿಲ್ ತಾಗಿ ಕ್ಲಚ್ ಜಾರುತ್ತಿದ್ದರೆ, ಕೂಲರಿನಿಂದ ಇಳಿಯುತ್ತಿದ್ದರೆ ಮುಂದೂಡಬೇಡಿ. ಬಸಿದ ಹಳೆಯ ಆಯಿಲನ್ನು ಚರಂಡಿಗೆ ಸುರಿಯದೆ ಗ್ಯಾರೇಜಿನ ಡ್ರಮ್ಮಿಗೆ ಕೊಡಿ. ವಾರಕ್ಕೊಮ್ಮೆ ಸಮನೆಲದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಓಡುತ್ತಿರುವಾಗ ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಹತ್ತಿಕೊಂಡರೆ ಮುಂದಿನ ಪೆಟ್ರೋಲ್ ಬಂಕ್‌ವರೆಗೂ ಎಂದು ಎಳೆಯಬೇಡಿ, ಅಲ್ಲೇ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿ.